ಕುಂಪಣಿಯ ಇಂಟರ್ನ್‌ಗಳು

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಎರಡು ತಿಂಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೆ. ಕೆಲವು ವರ್ಷಗಳ ಹಿಂದಿನ ಮಾತು. ಕಂಪನಿಯ ಹೆಸರು ಬೇಡ. ನಕ್ಷೆ ತಯಾರಿಸೋದು ಅವರ ಕಸುಬು. ಕೊರಳಿಗೆ ಗುರುತಿನ ಚೀಟಿ ಸಿಕ್ಕಿದ ದಿನ ಬಸ್‌ಸ್ಟಾಪಿನಲ್ಲೂ ಅದನ್ನು ತೆಗೆಯದೆ ನಿಂತಿದ್ದೆ ಅಂದ್ರೆ ನಿಮಗೇ ಅರ್ಥವಾಗುತ್ತೆ, ಎಷ್ಟು ಹಿಗ್ಗಿದ್ದೆ ಅಂತ!

ಊರಿಗೆ ಫೋನ್ ಮಾಡಿದಾಗ ತಾತ ಕೇಳಿದ್ರು, "ಕಂಪ್ನೀಲಿ ಏನ್ಲಾ ಮಗ ಕೆಲ್ಸ?"

"ನಕ್ಷೆ ಬರೆಯೋದು ತಾತ."

"ಹಂಗಾರೆ ಸರ್ವೆಯೋನು ಅನ್ನು. ಸರಪಳಿ ಕೊಟ್ಟವ್ರಾ?"

ಸರಪಳಿ ಎಲ್ಲಿಂದ ಬರಬೇಕು! ಒಂದು ಮಾನಿಟರ್, ಒಂದು ಮೌಸು, ಅಷ್ಟೆ. ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಇಟ್ಟಿರುತ್ತಿದ್ದರು. ಅದರ ಮೇಲೆ ಹಳ್ಳಿಯ ಗಡಿಗಳನ್ನು ಚುಕ್ಕಿ ಚುಕ್ಕಿಯಾಗಿ ಎಳೆಯಬೇಕು, ಹೆಸರು ಟೈಪ್ ಮಾಡಬೇಕು, ಮುಂದಿನ ಹಳ್ಳಿಗೆ ಹೋಗಬೇಕು. ನನ್ನೂರು ಪಾಂಡವಪುರ ತಾಲ್ಲೂಕು ಅಂತ ಗೊತ್ತಾದ ಮೇಲೆ ನನಗೆ ಕೊಟ್ಟಿದ್ದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು. ಸ್ಟೈಪೆಂಡ್ ಇಲ್ಲ. ಮಧ್ಯಾಹ್ನದ ಊಟ ಮಾತ್ರ ಅವರದೇ.

ಮೊದಲ ವಾರ ಬೇಜಾರಾಯ್ತು. ಆಮೇಲೆ ನಿಧಾನಕ್ಕೆ ರುಚಿ ಹತ್ತಿತು. ಹಳೇ ಇಂಗ್ಲಿಷ್ ನಕ್ಷೆಗಳಲ್ಲಿ ಶ್ರೀರಂಗಪಟ್ಟಣ ಇಲ್ಲ, 'ಸೆರಿಂಗಪಟಂ' ಇದೆ. ಪಾಂಡವಪುರ ಇಲ್ಲ, 'ಫ್ರೆಂಚ್ ರಾಕ್ಸ್' ಇದೆ. ಕೆ.ಆರ್.ಪೇಟೆ ಇರೋ ಕಡೆ ಅತ್ತಿಕುಪ್ಪೆ ಅನ್ನೋ ಹೆಸರು ಕಾಣಿಸುತ್ತೆ. ನಾಲ್ಕರಲ್ಲಿ ನಾಗಮಂಗಲ ಒಂದೇ ತನ್ನ ಹೆಸರನ್ನು ಹೆಚ್ಚುಕಮ್ಮಿ ಹಾಗೇ ಉಳಿಸಿಕೊಂಡಿದೆ. ಇವೆಲ್ಲ ಒಟ್ಟಿಗೆ ಮಂಡ್ಯ ಜಿಲ್ಲೆಯೊಳಗೆ ಬಂದಿದ್ದು 1939ರಲ್ಲಿ. ಅದಕ್ಕೂ ಮುಂಚೆ ಇವು ಮೈಸೂರು ಜಿಲ್ಲೆಯ ಊರುಗಳು.

ಫ್ರೆಂಚ್ ರಾಕ್ಸ್ ಕಥೆ ನಮ್ಮ ಕಡೆಯವರಿಗೆ ಗೊತ್ತಿರೋದೇ. ಊರಿನ ಮೂಲ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ಬಿಡಾರ ಹೂಡಿದ್ದರಿಂದ ಇಂಗ್ಲಿಷರು ಹಾಗೆ ಕರೆದರು. ಪಕ್ಕದಲ್ಲೇ ಕುಂತಿ ಬೆಟ್ಟ. ವನವಾಸದಲ್ಲಿ ಪಾಂಡವರು ಇಲ್ಲಿದ್ದರು ಅನ್ನೋ ನಂಬಿಕೆಯಿಂದ ಊರು ಪಾಂಡವಪುರವಾಯ್ತು. ಒಂದೇ ಊರಿಗೆ ರೈತರು ಇಟ್ಟ ಹೆಸರು, ಶತ್ರುಗಳು ಇಟ್ಟ ಹೆಸರು, ಪುರಾಣ ಕೊಟ್ಟ ಹೆಸರು, ಮೂರೂ ಇವೆ ನೋಡಿ.

ನಾನು ಮುಖ್ಯವಾಗಿ ಹೇಳಬೇಕು ಅಂತ ಹೊರಟಿದ್ದು ಆರನೇ ವಾರದ ವಿಷಯ. ಅವತ್ತು ಒಂದು ಹೊಸ ಸೂಚನೆ ಬಂತು: ಮನೆಗಳಿಲ್ಲದ ಹಳ್ಳಿಗಳನ್ನು ತೆಗೆದುಹಾಕಿ, ಅವುಗಳ ಜಾಗವನ್ನು ಪಕ್ಕದ ಹಳ್ಳಿಗೆ ಸೇರಿಸಿ. ನಕ್ಷೆ ಕೇಳಿದ ಗಿರಾಕಿಗೆ ಬೇಕಾಗಿದ್ದು ಮನೆ ಮನೆಗೆ ಸಾಮಾನು ತಲುಪಿಸೋ ದಾರಿ. ಮನೆಯೇ ಇಲ್ಲದ ಊರಿಗೆ ಪಾರ್ಸೆಲ್ ಯಾರಿಗೆ ಕಳಿಸೋದು? ಅವರ ಲೆಕ್ಕದಲ್ಲಿ ಅದು ಸರಿಯೇ.

ಇಂಥ ಊರುಗಳಿಗೆ ನಮ್ಮ ರೆವಿನ್ಯೂ ದಾಖಲೆಗಳಲ್ಲಿ 'ಬೇಚರಾಕ್ ಗ್ರಾಮ' ಅಂತಾರೆ. ಪಾರಸಿಯ 'ಬೇ-ಚಿರಾಗ್' ಅನ್ನೋದು ಜನರ ಬಾಯಲ್ಲಿ ಹಾಗಾಗಿದೆ. ಚಿರಾಗ್ ಅಂದ್ರೆ ದೀಪ. ಸಂಜೆ ದೀಪ ಹಚ್ಚೋರಿಲ್ಲದ ಊರು ಅಂತ ಅರ್ಥ. ಜನ ಇಲ್ಲದಿದ್ರೂ ಊರಿಗೆ ಗಡಿ ಇರುತ್ತೆ, ಸರ್ವೆ ನಂಬರ್‌ಗಳಿರುತ್ತವೆ, ಪಹಣಿಯಲ್ಲಿ ಹೆಸರಿರುತ್ತೆ.

ನನ್ನ ಪಟ್ಟಿಯಲ್ಲಿ ಅಂಥವು ಹನ್ನೊಂದು ಇದ್ದವು. ಒಂದು ನಮ್ಮೂರಿನ ಪಕ್ಕದ್ದೇ. ನಮ್ಮವರು ಅದನ್ನು ಬರೀ 'ಹಾಳೂರು' ಅಂತಾರೆ. ಪ್ಲೇಗು ಬಂದಾಗ ಬಿಟ್ಟು ಬಂದ ಊರು ಅಂತ ತಾತ ಹೇಳ್ತಿದ್ರು. (ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿದ್ದು 1898ರಲ್ಲಿ.) ಅಲ್ಲೊಂದು ವೀರಗಲ್ಲಿದೆ, ಬೇವಿನ ಮರದ ಕೆಳಗೆ ಮಾರಮ್ಮ ಇದ್ದಾಳೆ. ಹಬ್ಬಕ್ಕೆ ನಮ್ಮ ಮನೆಯಿಂದ ತಂಬಿಟ್ಟಿನಾರತಿ ಹೋಗೋದು ಅಲ್ಲಿಗೇ.

ತಂಡದ ಮುಖ್ಯಸ್ಥರಿಗೆ ಹೇಳಿದೆ. "ಸಾರ್, ಇದು ಊರೇ. ಜನ ಇಲ್ಲ, ಆದ್ರೆ ಹೆಸರಿದೆ." ಅವರು ಬೈಯಲಿಲ್ಲ, ನಕ್ಕರು. "ನೋಡಪ್ಪಾ, ನಾವು ಇತಿಹಾಸ ಬರೀತಾ ಇಲ್ಲ" ಅಂದ್ರು. ನಾನು ವಾಪಸ್ ಬಂದು ಕೂತೆ. ಹನ್ನೊಂದನ್ನೂ ಅಳಿಸಿದೆ. ಒಂದು ಊರು ಅಳಿಸೋಕೆ ಎಷ್ಟು ಹೊತ್ತು ಬೇಕು ಅಂದ್ಕೊಂಡಿದ್ದೀರಿ? ಎರಡು ಕ್ಲಿಕ್.

ಕಾಲೇಜಿಗೆ ಕೊಡಬೇಕಾದ ವರದಿಯಲ್ಲಿ ಸರ್ವೆಯ ಇತಿಹಾಸ ಅಂತ ಒಂದು ಪುಟ ಇರಲಿ ಅಂತ ಓದೋಕೆ ಕೂತಿದ್ದು. ಆ ಒಂದು ಪುಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾಕಂದ್ರೆ ಇದೇ ನಾಲ್ಕು ತಾಲ್ಲೂಕುಗಳಲ್ಲಿ, ಇದೇ ಕೆಲಸಕ್ಕೆ, ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಕಂಪನಿ ವಿದ್ಯಾರ್ಥಿಗಳನ್ನು ಇಳಿಸಿತ್ತು. ನಮ್ಮ ಹಿರಿಯರು ಅದನ್ನು 'ಕುಂಪಣಿ' ಅಂತಿದ್ರು. ಹೌದು, ಈಸ್ಟ್ ಇಂಡಿಯಾ ಕಂಪನಿ.

ಕಥೆ ಶುರುವಾಗೋದು ಮದ್ರಾಸಿನಲ್ಲಿ. ಕುಂಪಣಿಗೆ ಗೆದ್ದ ನೆಲವನ್ನು ಅಳೆಯೋ ಜನ ಸಾಲದಾದರು. ಇಂಗ್ಲೆಂಡಿನಿಂದ ಕರೆಸಿದರೆ ಸಂಬಳ ಜಾಸ್ತಿ. 1794ರಲ್ಲಿ ಮೈಕೇಲ್ ಟಾಪಿಂಗ್ ಎಂಬಾತ ಮದ್ರಾಸಿನ ಖಗೋಳ ವೀಕ್ಷಣಾಲಯಕ್ಕೆ ಸೇರಿದ ಹಾಗೆ ಒಂದು ಸರ್ವೆ ಶಾಲೆ ತೆರೆದ. ಮೊದಲ ತಂಡದಲ್ಲಿ ಎಂಟು ಹುಡುಗರು. ಎಲ್ಲರೂ ಅಲ್ಲಿನ ಗಂಡುಮಕ್ಕಳ ಅನಾಥಾಲಯದವರು. ಯುರೋಪಿಯನ್ ಸಿಪಾಯಿಗಳಿಗೂ ಇಲ್ಲಿಯ ಹೆಂಗಸರಿಗೂ ಹುಟ್ಟಿದ ಮಕ್ಕಳೇ ಆ ಅನಾಥಾಲಯದಲ್ಲಿ ಹೆಚ್ಚು. ಅಪ್ಪನ ಕಡೆಯವರಿಗೂ ಬೇಡ, ಅಮ್ಮನ ಕಡೆಯವರಿಗೂ ಬೇಡ. ಅಂಥವರಿಗೆ ಲೆಕ್ಕ, ರೇಖಾಗಣಿತ, ನಕ್ಷೆ ಕಲಿಸಿ ಅಪ್ರೆಂಟಿಸ್ ಮಾಡಿದರು. 1796ರಲ್ಲಿ ಟಾಪಿಂಗ್ ತೀರಿಕೊಂಡ ಮೇಲೆ ಜಾನ್ ಗೋಲ್ಡಿಂಗ್‌ಹ್ಯಾಮ್ ಶಾಲೆ ನೋಡಿಕೊಂಡ. ಇವತ್ತು ಚೆನ್ನೈನ ಗಿಂಡಿ ಇಂಜಿನಿಯರಿಂಗ್ ಕಾಲೇಜು ತನ್ನ ಹುಟ್ಟನ್ನು ಗುರುತಿಸಿಕೊಳ್ಳೋದು ಈ ಪುಟ್ಟ ಶಾಲೆಯಲ್ಲೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಆ ಮುತ್ತಿಗೆಯಲ್ಲಿ ಮುಂದೆ ನಕ್ಷೆಗಳಿಗೇ ಹೆಸರಾದ ಇಬ್ಬರಿದ್ದರು. ಒಬ್ಬ ಕಾಲಿನ್ ಮೆಕೆಂಜಿ, ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಲ್ಯಾಂಬ್ಟನ್ ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. ಕೋಟೆ ಬೀಳೋಕೆ ಮುಂಚಿನ ಒಂದು ರಾತ್ರಿ ಕತ್ತಲಲ್ಲಿ ಸೈನ್ಯ ಹೊರಟಿದೆ. ಸಪ್ತರ್ಷಿ ಮಂಡಲ ನೋಡಿ ಈತ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ನೇರ ಟಿಪ್ಪುವಿನ ಪಾಳೆಯದ ಕಡೆ ಹೋಗ್ತಿದ್ದೀವಿ ಅಂತ ಸೇನಾಪತಿ ಬೇರ್ಡ್‌ಗೆ ಹೇಳಿದನಂತೆ. ದಿಕ್ಕು ತಪ್ಪಿದ್ದು ಗೊತ್ತಾಗಿದ್ದು ಹಾಗೆ.

ಕೋಟೆ ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಮೆಕೆಂಜಿಗೆ ಮೈಸೂರು ಸರ್ವೆ ಒಪ್ಪಿಸಿದ. ಅದೇ ಸಮಯದಲ್ಲಿ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನೂ ಕಳಿಸಿ ಬೆಳೆ, ಕಸುಬು, ಜನಜೀವನ ಎಲ್ಲವನ್ನೂ ಬರೆದು ತರೋಕೆ ಹೇಳಿದ. ಯುದ್ಧಗಳಿಂದ ಹಾಳುಬಿದ್ದ ಹಳ್ಳಿಗಳ ಮಾತು ಬುಕಾನನ್ ಬರಹದಲ್ಲಿ ಮತ್ತೆ ಮತ್ತೆ ಬರುತ್ತೆ. ಬರದೇ ಇರುತ್ತಾ? 1791ರ ಮೇ 15ರಂದು ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯಲ್ಲಿ ಕಾರ್ನ್‌ವಾಲಿಸ್ ಮತ್ತು ಟಿಪ್ಪುವಿನ ಸೈನ್ಯಗಳು ಕಾದಾಡಿದ್ದವು. ಮರಾಠರ ದಂಡು ಬಂದು ಕಾರ್ನ್‌ವಾಲಿಸನನ್ನು ಕೂಡಿಕೊಂಡಿದ್ದು ಮೇಲುಕೋಟೆ ಕಡೆಯಿಂದ. ಹತ್ತು ವರ್ಷದೊಳಗೆ ಮೂರು ಸಲ ದಂಡು ತುಳಿದ ನೆಲ ಇದು.

ಮೆಕೆಂಜಿಗೆ ಸಹಾಯಕರಾಗಿ ಬಂದವರಲ್ಲಿ ಅಧಿಕಾರಿಗಳಿದ್ದರು. ಅವರಲ್ಲೊಬ್ಬ ಜಾನ್ ವಾರನ್, 1802ರಲ್ಲಿ ಕೋಲಾರದ ಕಡೆ ಚಿನ್ನದ ಸುಳಿವು ಹಿಡಿದವನು. ಅವರ ಜೊತೆ ಮದ್ರಾಸಿನ ಸರ್ವೆ ಶಾಲೆಯ ಅಪ್ರೆಂಟಿಸ್ ಹುಡುಗರೂ ಬಂದರು. ಅವರ ಕೆಲಸ ಏನು? ಬೆಟ್ಟದ ತುದಿಯಿಂದ ತುದಿಗೆ ಕೋನ ಅಳೆಯೋದು, ದಾರಿಯ ಉದ್ದಕ್ಕೂ ಅಳತೆಗಾಲಿ ಉರುಳಿಸೋದು, ಹಲಗೆಯ ಮೇಲೆ ಕಾಗದ ಹರಡಿ ಕಂಡಿದ್ದನ್ನು ಗುರುತಿಸೋದು, ಊರು, ಕೆರೆ, ಕೋಟೆಗಳ ಪಟ್ಟಿ ಮಾಡೋದು. ಮಲೆನಾಡಿನ ಅಂಚಿಗೆ ಹೋದವರು ಚಳಿಜ್ವರ ಹಿಡಿಸಿಕೊಂಡು ಬಂದರು. ಮೆಕೆಂಜಿಯೇ ಜ್ವರದಲ್ಲಿ ನರಳಿದ. ಲಂಡನ್ನಿನ ಮಾಲೀಕರು ಅಷ್ಟರಲ್ಲಿ ಖರ್ಚು ಜಾಸ್ತಿ ಅಂತ ಭತ್ಯೆ ಕತ್ತರಿಸಿದರು. ಕಾಸ್ಟ್ ಕಟಿಂಗ್ ಇವತ್ತಿನದಲ್ಲ ಬಿಡಿ! ಆದರೂ ಸುಮಾರು ಒಂದು ದಶಕ ಕೆಲಸ ನಡೀತು. ಒಟ್ಟು 40,000 ಚದರ ಮೈಲಿಗೂ ಹೆಚ್ಚು ನೆಲ. ಫಲವಾಗಿ ಏಳು ದೊಡ್ಡ ಸಂಪುಟಗಳ ವಿವರಣೆ ಮತ್ತು ನಕ್ಷೆಗಳು ಹೊರಬಂದವು.

ಮೆಕೆಂಜಿ ನೆಲ ಮಾತ್ರ ಅಳೆಯಲಿಲ್ಲ. ಕಾವಲಿ ವೆಂಕಟ ಬೋರಯ್ಯ ಎಂಬ ತೆಲುಗು ತರುಣನನ್ನೂ ಅವನ ತಮ್ಮ ಲಕ್ಷ್ಮಯ್ಯನನ್ನೂ ಊರೂರಿಗೆ ಕಳಿಸಿ ಶಾಸನ, ಕೈಫಿಯತ್ತು ಕೂಡಿಸಿದ. ಹಳಗನ್ನಡ ಶಾಸನಗಳನ್ನು ಓದೋ ದಾರಿ ತೋರಿಸಿದವನು ಬೋರಯ್ಯ ಅಂತ ಮೆಕೆಂಜಿಯೇ ಹೇಳಿದ್ದಾನೆ. ಬೋರಯ್ಯ 1803ರಲ್ಲಿ, ಇನ್ನೂ ಮೂವತ್ತು ತುಂಬೋ ಮೊದಲೇ ತೀರಿಕೊಂಡ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಒಂದು ಚಿತ್ರ ಲಂಡನ್ನಿನಲ್ಲಿದೆ. ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ಭಾರತೀಯರು, ದೂರದಲ್ಲಿ ಗೊಮ್ಮಟನ ಮೂರ್ತಿ. ಓಲೆಗರಿ ಹಿಡಿದವರು ನಮ್ಮ ಕಡೆಯ ಜೈನ ಪಂಡಿತ ಧರ್ಮಯ್ಯ ಅಂತ ಗುರುತಿಸುತ್ತಾರೆ. ಆ ಚಿತ್ರವನ್ನು ಎಷ್ಟೋ ಹೊತ್ತು ನೋಡಿದ್ದೇನೆ. ಅನಾಥಾಲಯದ ಹುಡುಗರು ಅದರಲ್ಲಿಲ್ಲ.

ಅವರಲ್ಲಿ ಮುಂದೆ ಬಂದವರೇ ಇಲ್ಲ ಅಂತಲ್ಲ. ಅದೇ ಶಾಲೆಯ ಜೋಶುವಾ ಡಿ ಪೆನಿಂಗ್ ಲ್ಯಾಂಬ್ಟನ್ ಜೊತೆ ಸೇರಿ, ಮುಂದೆ ಎವರೆಸ್ಟ್ ಕಾಲದವರೆಗೂ ದುಡಿದ. (ಹೌದು, ಶಿಖರಕ್ಕೆ ಹೆಸರು ಬಂದ ಅದೇ ಎವರೆಸ್ಟ್.) ಆದರೆ ಬಹುಪಾಲು ಹುಡುಗರಿಗೆ ಇತಿಹಾಸದಲ್ಲಿ ಸಿಕ್ಕಿದ್ದು 'ಸಹಾಯಕರು' ಅನ್ನೋ ಒಂದು ಪದ ಮಾತ್ರ.

ಇದನ್ನೆಲ್ಲ ಓದಿ ಕುಂಪಣಿಯನ್ನು ಹೊಗಳೋಕೆ ಹೊರಟಿದ್ದೀನಿ ಅಂದ್ಕೋಬೇಡಿ. ಅವರು ಅಳೆದಿದ್ದು ಗಡಿ ಹಾಕೋಕೆ, ಕಂದಾಯ ಲೆಕ್ಕ ಹಾಕೋಕೆ, ಮುಂದಿನ ದಂಡು ಯಾವ ದಾರಿಯಲ್ಲಿ ಹೋಗಬಹುದು ಅಂತ ತಿಳಿಯೋಕೆ. ಅವರ ಗಿರಾಕಿಗೂ ಒಂದು ಉದ್ದೇಶ ಇತ್ತು, ನಮ್ಮ ಗಿರಾಕಿಗೂ ಇತ್ತು. ವ್ಯತ್ಯಾಸ ಒಂದೇ. ಆ ಹುಡುಗರು ಊರಿನ ಹೆಸರು ಬರೆಯಬೇಕಾದರೆ ಆ ಊರಿಗೆ ಹೋಗಿ ನಿಲ್ಲಬೇಕಿತ್ತು, ಯಾರನ್ನಾದರೂ ಕೇಳಬೇಕಿತ್ತು. ತಪ್ಪಾಗಿ ಕೇಳಿಸಿಕೊಂಡರು, ಬಾಯಿ ತಿರುಗದೆ ಸೆರಿಂಗಪಟಂ ಅಂತ ಬರೆಯೋ ದೊರೆಗಳ ಕೈಕೆಳಗೆ ದುಡಿದರು, ಎಲ್ಲ ನಿಜ. ಆದರೆ ಕೇಳಿದರು. ನಾನು? ಆ ನೆಲದ ಮಗನೇ ಆಗಿ, ಕೇಳದೆಯೇ ಅಳಿಸಿದೆ. ಅವರ ಹೆಸರು ಉಳಿಯಲಿಲ್ಲ, ಬರೆದ ಊರುಗಳು ಉಳಿದವು. ನನ್ನ ಹೆಸರಿರೋ ಸರ್ಟಿಫಿಕೇಟು ಬೀರುವಿನಲ್ಲಿದೆ. 'ಎಕ್ಸಲೆಂಟ್' ಅಂತ ಬರೆದಿದ್ದಾರೆ.

ನೆಲ ಕಾಣಿಸದಿದ್ದರೂ ಊರು ಹೋಗೋದಿಲ್ಲ ಅನ್ನೋದಕ್ಕೆ ನಮ್ಮಲ್ಲೇ ಕನ್ನಂಬಾಡಿ ಇದೆಯಲ್ಲ. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಕಟ್ಟೆಯ ನೀರಿನಲ್ಲಿ ಹಳೇ ಕನ್ನಂಬಾಡಿ ಮುಳುಗಿತು. ಆದರೂ ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಯಾರೂ ಕೆ.ಆರ್.ಎಸ್ ಅನ್ನಲ್ಲ, 'ಕನ್ನಂಬಾಡಿ ಕಟ್ಟೆ' ಅಂತಾರೆ. ಹೆಸರು ಉಳಿಸಿದ್ದು ನಕ್ಷೆಯಲ್ಲ, ಬಾಯಿ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ತಾತನ ಹತ್ತಿರ ಎಲ್ಲ ಹೇಳಿಕೊಂಡೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳ್ಸುದ್ರೆ ಏನಾಯ್ತು, ಮಾರಮ್ಮ ಎದ್ದೋಗ್ಬುಟ್ಳಾ? ನಡಿ, ತೋರುಸ್ತೀನಿ" ಅಂದ್ರು. ಇಬ್ಬರೂ ಹಾಳೂರಿಗೆ ನಡೆದುಕೊಂಡು ಹೋದೆವು. ಹಳೇ ಬಾವಿ ಎಲ್ಲಿತ್ತು, ಊರಬಾಗಿಲು ಎಲ್ಲಿತ್ತು, ಯಾವ ದಿಣ್ಣೆಯ ಮೇಲೆ ಯಾರ ಮನೆ ಇತ್ತಂತೆ, ಎಲ್ಲವನ್ನೂ ಕೋಲು ತೋರಿಸಿ ಹೇಳಿದರು. ಅವರೂ ಕಣ್ಣಾರೆ ಕಂಡವರಲ್ಲ, ಅವರ ತಾತನ ಬಾಯಲ್ಲಿ ಕೇಳಿದ್ದು. ನಾನು ಮೊಬೈಲಿನಲ್ಲಿ ಒಂದೊಂದೇ ಚುಕ್ಕಿ ಗುರುತು ಮಾಡಿಕೊಂಡೆ. ಬೆಂಗಳೂರಿಗೆ ಬಂದು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ಹೆಸರನ್ನು ಕನ್ನಡದಲ್ಲೇ ಸೇರಿಸಿದೆ. ಹನ್ನೊಂದರಲ್ಲಿ ಈವರೆಗೆ ನಾಲ್ಕು ಆಗಿವೆ. ನಾಲ್ಕಕ್ಕೂ ಹೋಗಿ ನಿಂತು, ಅಕ್ಕಪಕ್ಕದ ಊರಿನ ಹಿರಿಯರನ್ನು ಕೇಳಿಯೇ ಬರೆದಿದ್ದೇನೆ. ಇನ್ನು ಏಳು ಬಾಕಿ. ಎರಡು ನಾಗಮಂಗಲದ ಕಡೆ, ಉಳಿದವು ಕೆ.ಆರ್.ಪೇಟೆ ಕಡೆ.

ತಾತ ಈಗಿಲ್ಲ. ಅವರು ಕೋಲು ತೋರಿಸಿದ ಬಾವಿ ಮಾತ್ರ ನಕ್ಷೆಯಲ್ಲಿದೆ.

ನಿಮ್ಮೂರಿನ ಪಕ್ಕದಲ್ಲೂ ಒಂದು ಹಾಳೂರು ಇರಬಹುದು. ಅದರ ಹೆಸರು ಗೊತ್ತಿರೋರು ಮನೆಯಲ್ಲಿ ಇನ್ನೂ ಇದ್ದರೆ, ಇವತ್ತೇ ಒಂದು ಫೋನ್ ಮಾಡಿ ಕೇಳಿ. ಗೊತ್ತಾದರೆ ನನಗೂ ಹೇಳಿ, ಬರೆದಿಟ್ಟುಕೊಳ್ತೀನಿ.