ಹಂಚಿಕೆ ಆರ್ಥಿಕತೆಯಲ್ಲಿ ಅಪರಿಚಿತರ ನಡುವಿನ ನಂಬಿಕೆ

ಹಂಚಿಕೆ ಆರ್ಥಿಕತೆಯಲ್ಲಿ ಅಪರಿಚಿತರ ನಡುವಿನ ನಂಬಿಕೆ ಎಂದರೆ, ಪರಸ್ಪರ ಪರಿಚಯವಿಲ್ಲದವರು ಮನೆ, ವಾಹನ, ಯಂತ್ರ ಅಥವಾ ದುಡಿಮೆಯನ್ನು ಹಂಚಿಕೊಳ್ಳುವಾಗ ಎದುರಿನವರು ಮಾತಿಗೆ ತಪ್ಪುವುದಿಲ್ಲವೆಂದು ಇಡುವ ಭರವಸೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಇದರ ಹಳೆಯ ಮತ್ತು ಹೊಸ ರೂಪಗಳೆರಡನ್ನೂ ಕಾಣಬಹುದು.

ಪರಿಕಲ್ಪನೆ

ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದರೆ ಒಳ್ಳೆಯ ಸರಕು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟದ ಉದಾಹರಣೆಯಿಂದ ವಿವರಿಸಿದರು. ಅವರು 2001ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಂದಿಗೆ ಹಂಚಿಕೊಂಡರು. ಆನ್‌ಲೈನ್ ವೇದಿಕೆಗಳು ಗುರುತಿನ ಪರಿಶೀಲನೆ, ಬಳಕೆದಾರರ ಅಂಕ ಹಾಗೂ ವಿಮರ್ಶೆ ಮತ್ತು ವೇದಿಕೆಯ ಮೂಲಕವೇ ಹಣ ಪಾವತಿ ಎಂಬ ವಿಧಾನಗಳಿಂದ ಈ ಕೊರತೆಯನ್ನು ತುಂಬಲು ಯತ್ನಿಸುತ್ತವೆ.

ಮುಯ್ಯಿ ಪದ್ಧತಿ

ಹಳೆಯ ಮೈಸೂರು ಪ್ರದೇಶದಲ್ಲಿ ಒಂದು ಮನೆಯವರು ಮತ್ತೊಂದು ಮನೆಯ ಹೊಲಗದ್ದೆಯಲ್ಲಿ ಕೂಲಿಯಿಲ್ಲದೆ ದುಡಿದು, ಅಷ್ಟೇ ದಿನಗಳ ದುಡಿಮೆಯನ್ನು ಮರಳಿ ಪಡೆಯುವುದನ್ನು ಮುಯ್ಯಾಳು ಎನ್ನುತ್ತಾರೆ. ನಾಟಿ, ಕಳೆ, ಕೊಯ್ಲಿನಂತಹ ಕೆಲಸಗಳಿಗೆ ಇದು ಬಳಕೆಯಲ್ಲಿತ್ತು. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಮದುವೆಯಲ್ಲಿ ತೀರಿಸುವುದೂ ಇದೇ ತತ್ತ್ವವನ್ನು ಆಧರಿಸಿದೆ. ಇಲ್ಲಿ ನಂಬಿಕೆಗೆ ಆಧಾರ ಪರಿಚಯ. ಮುಯ್ಯಿ ತೀರಿಸದವರನ್ನು ಮುಂದಿನ ಬಾರಿ ಯಾರೂ ಕರೆಯುವುದಿಲ್ಲ. ಆದರೆ ಮರಳಿ ಪಡೆಯಲು ಸ್ವಂತ ಹೊಲವಿಲ್ಲದ ಕೂಲಿಕಾರರಿಗೆ ಈ ವಿನಿಮಯದಲ್ಲಿ ಸಮಾನ ಸ್ಥಾನ ದೊರೆಯುತ್ತಿರಲಿಲ್ಲ.

ಮಧ್ಯಸ್ಥ ಸಂಸ್ಥೆಗಳು

ಊರಿನ ಪರಿಚಯ ಸಾಲದ ಕಡೆ ಮೂರನೆಯ ಸಂಸ್ಥೆಯೊಂದು ಹೊಣೆ ಹೊರುತ್ತದೆ. ಈ ತಾಲ್ಲೂಕುಗಳ ಮುಖ್ಯ ವಾಣಿಜ್ಯ ಬೆಳೆಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಒಂದು. 1976ರಲ್ಲಿ ಕಾರ್ಯಾರಂಭ ಮಾಡಿದ ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಜಾರಿಗೆ ತಂದಿತು. ನೋಂದಾಯಿತ ಬೆಳೆಗಾರರು ಮತ್ತು ನೋಂದಾಯಿತ ಖರೀದಿದಾರರು ಹರಾಜು ಮಾರುಕಟ್ಟೆಯಲ್ಲಿ ಸೇರುವುದರಿಂದ, ರೈತನು ಖರೀದಿದಾರನನ್ನು ಅರಿಯದಿದ್ದರೂ ತೂಕ ಮತ್ತು ಪಾವತಿಯ ವಿಷಯದಲ್ಲಿ ಮಂಡಳಿಯನ್ನು ನೆಚ್ಚಬಹುದು.

ಯಂತ್ರಗಳ ಹಂಚಿಕೆಗೆ ರಾಜ್ಯ ಸರ್ಕಾರವು 2014–15ರಲ್ಲಿ ಕೃಷಿ ಯಂತ್ರಧಾರೆ ಯೋಜನೆಯನ್ನು ಆರಂಭಿಸಿತು. ಇದರಡಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳು ಟ್ರ್ಯಾಕ್ಟರ್, ಟಿಲ್ಲರ್ ಮೊದಲಾದವುಗಳನ್ನು ನಿಗದಿತ ದರಕ್ಕೆ ಒದಗಿಸುತ್ತವೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಉಳುಮೆ ಮುಗಿಯಬೇಕಾದ ಮಳೆಯಾಶ್ರಿತ ಭೂಮಿಯಲ್ಲಿ, ಹೇಳಿದ ದಿನ ಯಂತ್ರ ಬಾರದಿದ್ದರೆ ನಷ್ಟ ರೈತನದೇ. ಆದುದರಿಂದ ಇಲ್ಲಿ ನಂಬಿಕೆಯೆಂದರೆ ದರದಷ್ಟೇ ಸಮಯಪಾಲನೆಯೂ ಹೌದು.

ಕಬಿನಿ ಹಿನ್ನೀರು ಮತ್ತು ನಾಗರಹೊಳೆಯ ಅಂಚಿನಲ್ಲಿರುವ ಹೆಗ್ಗಡದೇವನಕೋಟೆಯಲ್ಲಿ ಹೋಂಸ್ಟೇಗಳನ್ನು ಅಂತರ್ಜಾಲದ ಮೂಲಕ ಕಾಯ್ದಿರಿಸುವ ರೂಢಿಯಿದೆ. ಅಲ್ಲಿ ಅತಿಥಿ ಮತ್ತು ಆತಿಥೇಯ ಇಬ್ಬರೂ ಹಿಂದಿನವರ ವಿಮರ್ಶೆಗಳನ್ನು ಅವಲಂಬಿಸಬೇಕಾಗುತ್ತದೆ.

ಟೀಕೆ ಮತ್ತು ಕಾನೂನು

ಅಪರಿಚಿತರ ಮೇಲಿನ ನಂಬಿಕೆ ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ. ಏರ್‌ಬಿಎನ್‌ಬಿ ಕುರಿತು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಫ್ರಿಕನ್-ಅಮೆರಿಕನ್ನರದೆಂದು ಗುರುತಿಸಬಹುದಾದ ಹೆಸರಿನ ಅತಿಥಿಗಳ ಕೋರಿಕೆಗಳು ಅಂಗೀಕಾರಗೊಳ್ಳುವ ಸಂಭವ ಶೇ. 16ರಷ್ಟು ಕಡಿಮೆಯೆಂದು ಕಂಡುಬಂದಿತು. ಹೆಸರಿನಿಂದಲೇ ಜಾತಿ, ಮತಗಳನ್ನು ಊಹಿಸುವ ಸಮಾಜಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಗ್ರಾಹಕರು ನೀಡುವ ಅಂಕಗಳು ಕಾರ್ಮಿಕರ ಜೀವನೋಪಾಯವನ್ನು ನಿರ್ಧರಿಸುತ್ತವೆ ಎಂಬುದು ಮತ್ತೊಂದು ಆಕ್ಷೇಪ. ಕರ್ನಾಟಕವು 2025ರಲ್ಲಿ ಜಾರಿಗೊಳಿಸಿದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯು, ಕಾರ್ಮಿಕರನ್ನು ಕೈಬಿಡುವ ಮೊದಲು ಸಾಮಾನ್ಯವಾಗಿ ಲಿಖಿತ ಕಾರಣದೊಂದಿಗೆ 14 ದಿನಗಳ ಸೂಚನೆ ನೀಡಬೇಕೆಂದು ವಿಧಿಸುತ್ತದೆ. ಮುಯ್ಯಾಳು ಪದ್ಧತಿಯಲ್ಲಿ ತಪ್ಪು ಹೊತ್ತವನು ಎದುರು ನಿಂತು ಕಾರಣ ಹೇಳಬಹುದಾಗಿತ್ತು. ವೇದಿಕೆಗಳಲ್ಲಿ ಆ ಅವಕಾಶವನ್ನು ಕಾನೂನಿನ ಮೂಲಕ ಒದಗಿಸಬೇಕಾಗಿದೆ.