ಹೆಚ್ಚುಕಡಿಮೆ

ಕುದುರೆಮುಖದ ಗಣಿಯಲ್ಲಿ ದುಡಿದವರೊಬ್ಬರ ಸಂದರ್ಶನವನ್ನು ಸಂಶೋಧನೆಗಾಗಿ ಇಂಗ್ಲಿಷಿಗೆ ತರುವಾಗ ಎರಡು ವಾಕ್ಯಗಳ ಮುಂದೆ ಎರಡು ದಿನ ಕೂತಿದ್ದೆ. ಕಳಸದ ಮನೆಯ ಜಗಲಿಯಲ್ಲಿ ಅವರು ಹೇಳಿದ್ದು: “ಹೆಚ್ಚುಕಡಿಮೆ ಮೂರು ವರ್ಷ ಟೈಮಿತ್ತು. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗೋದು ಅಂತ ಯೋಚ್ನೆ.”

ಮೊದಲನೆಯದು ಸುಲಭ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2002ರ ಅಕ್ಟೋಬರ್ 30ರಂದು. ಗಣಿಗಾರಿಕೆಗೆ ಉಳಿದ ಅವಧಿ 2005ರ ಕೊನೆಯವರೆಗೆ. ಅಂದರೆ ಮೂರು ವರ್ಷ, ಎರಡು ತಿಂಗಳು. ‘ಮೋರ್ ಆರ್ ಲೆಸ್’ ಎಂದರೆ ಸರಿಹೋಗುತ್ತದೆ.

ಇಂಗ್ಲಿಷಿನಲ್ಲಿ ಈ ನುಡಿಗಟ್ಟು ಹೇಳಿದ ಮಾತನ್ನು ತುಸು ಸಡಿಲಿಸುತ್ತದೆ. ಕೆಲಸ ಮುಗಿಯಿತೇ ಎಂದು ಕೇಳಿದರೆ ‘ಮೋರ್ ಆರ್ ಲೆಸ್’ ಎನ್ನುವವರು ಇನ್ನೂ ಸ್ವಲ್ಪ ಬಾಕಿಯಿದೆ ಎಂದು ಒಪ್ಪಿಕೊಂಡಂತೆ. ಇಂಗ್ಲಿಷ್ ಜಮೀನು ಪತ್ರಗಳಲ್ಲಿ ಎಕರೆಯ ಲೆಕ್ಕದ ಬೆನ್ನಿಗೇ ಇದು ಬರುತ್ತದೆ. ಅಳತೆಯ ಸಣ್ಣ ವ್ಯತ್ಯಾಸವನ್ನು ಸಹಿಸುತ್ತದೆ, ದೊಡ್ಡದನ್ನಲ್ಲ. ನಮ್ಮ ಕ್ರಯಪತ್ರಗಳಲ್ಲಿ ಅಂಥ ವ್ಯತ್ಯಾಸ ಬಂದಾಗ ಜನ ಚಕ್ಕುಬಂದಿ ನೋಡುತ್ತಾರೆ.

ಎರಡನೆಯ ‘ಹೆಚ್ಚುಕಡಿಮೆ’ ಅಳತೆಯದಲ್ಲ. ಸಾವು, ಕಾಯಿಲೆ, ಕೆಲಸ ಹೋಗುವುದು, ಮಳೆಗಾಲದಲ್ಲಿ ಧರೆ ಕುಸಿಯುವುದು ಎಲ್ಲಕ್ಕೂ ನಾವು ಈ ಒಂದೇ ಮಾತು ಬಳಸುತ್ತೇವೆ. ಕೇಡಿನ ಹೆಸರೆತ್ತಿದರೆ ಮನೆಯ ಹಿರಿಯರು “ಬಿಡ್ತು ಅನ್ನು” ಎನ್ನುತ್ತಾರಲ್ಲ, ಆ ಅಂಜಿಕೆಯೇ ಇಲ್ಲಿಯೂ ಇದೆ.

‘ಏನಾದರೂ ತಪ್ಪಾದರೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬರೆದೆ. ಹೊಂದಲಿಲ್ಲ. ಅದರಲ್ಲಿ ಕೇಡು ಬಂದೀತೋ ಇಲ್ಲವೋ ಎಂಬ ಅನುಮಾನವಿದೆ. ಇವರಿಗೆ ಬರುವ ಕೇಡಿನ ತಾರೀಕೂ ಗೊತ್ತಿತ್ತು. ಕಂಪನಿ 1976ರಲ್ಲಿ ಹುಟ್ಟಿದ್ದು ಇರಾನಿಗೆ ಅದಿರು ಕಳಿಸಲೆಂದು. 1979ರ ಕ್ರಾಂತಿಯ ನಂತರ ಆ ಗಿರಾಕಿಯೇ ಇಲ್ಲವಾಯಿತು. ಆ ಏಟನ್ನು ತಡೆದುಕೊಂಡ ಕಂಪನಿಯ ಮೂವತ್ತು ವರ್ಷದ ಗುತ್ತಿಗೆ 1999ರಲ್ಲಿ ಮುಗಿಯಿತು. ಗಣಿ ನಿಲ್ಲಿಸಲು ಕಾರಣಗಳು ಬಲವಾಗಿಯೇ ಇದ್ದವು: ರಾಷ್ಟ್ರೀಯ ಉದ್ಯಾನದ ಕಾಡು, ಭದ್ರೆಗೆ ಇಳಿಯುತ್ತಿದ್ದ ಹೂಳು. ನದಿಯ ಕಡೆಯಿಂದ ನೋಡಿದರೆ ಹೆಚ್ಚುಕಡಿಮೆ ಆಗಲೇ ಆಗಿಹೋಗಿತ್ತು.

ಈ ಎರಡೂ ಕಡೆಯ ನಷ್ಟವನ್ನು ಬರೆಯುವುದು ಚರಿತ್ರೆಕಾರರ ಕೆಲಸ. ಆದರೆ ತೀರ್ಪು ಕೈಯಲ್ಲಿದ್ದೂ “ಏನಾದ್ರೂ ಆದ್ರೆ” ಎಂದವರ ಬಾಯಿಗೆ ನಾನು ‘ಗಣಿ ಮುಚ್ಚಿದರೆ’ ಎಂದು ತುರುಕಿದರೆ, ಅವರು ಮೂರು ವರ್ಷ ಆ ಮಾತನ್ನು ಹೇಗೆ ದೂರವಿಟ್ಟು ಬದುಕಿದರು ಎಂಬುದೇ ಅಳಿಸಿಹೋಗುತ್ತದೆ.

ಕೊನೆಗೆ ಕನ್ನಡದ ಪದವನ್ನೇ ಉಳಿಸಿಕೊಂಡೆ. ಕೆಳಗೆ ಒಂದು ಟಿಪ್ಪಣಿ ಹಾಕಿದೆ: ಅಂದಾಜು, ಹೆಸರಿಸಲು ಮನಸ್ಸು ಬಾರದ ಕೇಡು.