ನೆಂಟರಾಗಿ ಬಂದ ಮರಗಳು

ಲಾಲ್‌ಬಾಗಿನ ಮಳೆಮರದಡಿ ಕುಳಿತು ಗೆಳೆಯರೊಬ್ಬರು, “ಬೆಂಗಳೂರೆಲ್ಲ ಹೊರಗಿನವರಿಂದ ತುಂಬಿಹೋಯಿತು” ಎಂದು ಹಲುಬಿದರು. ನನಗೆ ನಗೆ ಬಂತು. ನಮಗೆ ನೆರಳು ಕೊಟ್ಟಿದ್ದ ಆ ಮರದ ತವರು ಅಮೆರಿಕಾ ಖಂಡ. ಎದುರಿಗೆ ಕೆಂಪೇರಿದ್ದ ಗುಲ್‌ಮೊಹರಿನದು ಮಡಗಾಸ್ಕರ್.

1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟಕ್ಕೆ ಟಿಪ್ಪು ಪರದೇಶಗಳಿಂದ ಬೀಜ, ಸಸಿಗಳನ್ನು ತರಿಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಮುಂದೆ ಕ್ಯಾಮೆರಾನ್ ಸಾಹೇಬರ ಆಡಳಿತದಲ್ಲಿ ಇಲ್ಲಿಗೆ ಬಂದ ಸೀಮೆಬದನೆ ಈಗ ನಮ್ಮ ಹುಳಿಯ ಪಾತ್ರೆಯಲ್ಲಿ ಮನೆಮಗನಂತಿದೆ. ತಮಿಳರಂತೂ ಅದನ್ನು ಬೆಂಗಳೂರು ಬದನೆಯೆಂದೇ ಕರೆಯುತ್ತಾರೆ! 1908ರಲ್ಲಿ ತೋಟದ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಮತ್ತೊಂದು ಅರಳುವಂತೆ ಊರಿನ ಬೀದಿಗಳಿಗೆ ಸಾಲುಮರಗಳನ್ನು ಆರಿಸಿದರು. 1956ರಲ್ಲಿ ಅವರು ಕಣ್ಮುಚ್ಚಿದ್ದೂ ಈ ಊರಿನಲ್ಲಿಯೇ.

ಹಾಗಾದರೆ ಇಲ್ಲಿಯ ಹಳಬರು ಯಾರು? ಕೆಂಪೇಗೌಡರ ಗೋಪುರವನ್ನು ಹೊತ್ತಿರುವ, ಸುಮಾರು 300 ಕೋಟಿ ವರ್ಷ ವಯಸ್ಸಿನ ಆ ಬಂಡೆ. ಅದರೆದುರು ನಾವೆಲ್ಲರೂ ನಿನ್ನೆ ಮೊನ್ನೆ ಬಂದವರೇ. ಗೆಳೆಯರನ್ನು ಕೈಹಿಡಿದು ಬಂಡೆ ಹತ್ತಿಸಿದೆ. ಕೆಳಗೆ ಹರಡಿದ್ದ ಹಸುರಿನಲ್ಲಿ ನಮ್ಮ ಮರ ಯಾವುದು, ಹೊರಗಿನದು ಯಾವುದು ಎಂದು ಕೇಳಿದೆ. ಅವರು ಬಹಳ ಹೊತ್ತು ನೋಡಿದರು, ಉತ್ತರ ಹೇಳಲಿಲ್ಲ.